ಜರ್ಮನಿ ಸ್ಟೂಡೆಂಟ್ ವೀಸಾ: ಕರ್ನಾಟಕದಿಂದ ಹೊರಡೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಸಾಗರದ ಕಡೆಯವನು. ವಿಟಿಯುನಲ್ಲಿ ಮೆಕ್ಯಾನಿಕಲ್ ಮುಗ್ಸಿ 2018ರಲ್ಲಿ ಮಾಸ್ಟರ್ಸ್ ಮಾಡೋಕೆ ಜರ್ಮನಿಗೆ ಬಂದೆ, ಈಗ ಸ್ಟುಟ್‌ಗಾರ್ಟ್ ಹತ್ರ ಕೆಲಸದಲ್ಲಿದೀನಿ. ಪ್ರತಿ ವರ್ಷ ಏಪ್ರಿಲ್ ಬಂತು ಅಂದ್ರೆ ವಾಟ್ಸಾಪಲ್ಲಿ ಮೆಸೇಜು ಶುರು ಆಗತ್ತೆ, ಅಣ್ಣ ಎಪಿಎಸ್ (ಮಾರ್ಕ್ಸ್ ಕಾರ್ಡು ಅಸಲಿ ಅಂತ ಕೊಡೋ ಸರ್ಟಿಫಿಕೇಟ್) ಇನ್ನೂ ಬಂದಿಲ್ಲ, ಅಣ್ಣ ಬ್ಲಾಕ್ಡ್ ಅಕೌಂಟಿಗೆ (ಒಂದು ವರ್ಷದ ಖರ್ಚಿನ ದುಡ್ಡು ಮುಂಚೇನೇ ಹಾಕಿಡೋ ಅಕೌಂಟು) ಅಪ್ಪನ ಅಕೌಂಟಿಂದ ಹಾಕ್ಬಹುದಾ, ಅಣ್ಣ ತುಪ್ಪ ತರ್ಬಹುದಾ. ಎಲ್ಲರಿಗೂ ಅದೇ ಉತ್ತರ ಟೈಪ್ ಮಾಡ್ತಾ ಮಾಡ್ತಾ ಒಂದು ಮಾತು ನಂಗೆ ಖಾತ್ರಿ ಆಗಿದೆ, ಮಾರ್ಕ್ಸ್ ಕಮ್ಮಿ ಇದೆ ಅಂತ ವೀಸಾ ಕಳ್ಕೊಂಡೋರು ನಂಗೆ ಸಿಕ್ಕಿದ್ದು ಕಮ್ಮಿ, ಹೆಸರು, ತಾರೀಖು, ಯಾವುದರ ಹಿಂದೆ ಯಾವುದು ಅನ್ನೋದ್ರಲ್ಲಿ ಎಡವಿ ಒಂದು ಸೆಮಿಸ್ಟರ್ ಕಳ್ಕೊಂಡೋರು ಬೇಕಾದಷ್ಟು ಜನ. ಅದಕ್ಕೇ ಎಲ್ಲಾ ಒಂದ್ಕಡೆ ಬರೆದಿಡ್ತಿದೀನಿ.

ಎಷ್ಟು ತಿಂಗಳು ಮುಂಚೆ ಶುರು ಮಾಡ್ಬೇಕು?

ಒಂದು ವರ್ಷ. ಹೆಚ್ಚಾಯ್ತು ಅನ್ಸತ್ತೆ, ಆದ್ರೆ ಲೆಕ್ಕ ಹಾಕಿ ನೋಡಿ. ವಿಂಟರ್ ಸೆಮಿಸ್ಟರ್ ಅಕ್ಟೋಬರಲ್ಲಿ ಶುರು, ಅರ್ಜಿಗೆ ಸಾಮಾನ್ಯವಾಗಿ ಜುಲೈ 15 ಕಡೇ ದಿನ, ಆದ್ರೆ ತುಂಬಾ ಮಾಸ್ಟರ್ಸ್ ಕೋರ್ಸುಗಳು ಹೊರದೇಶದವರಿಗೆ ಅದಕ್ಕೂ ಮುಂಚೇನೇ ಬಾಗಿಲು ಹಾಕ್ತಾವೆ. ಸಮ್ಮರ್ ಸೆಮಿಸ್ಟರಿಗೆ ಜನವರಿ 15. ಅರ್ಜಿ ಹಾಕೋ ಹೊತ್ತಿಗೆ ಎಪಿಎಸ್ ಸರ್ಟಿಫಿಕೇಟ್ ಕೈಲಿದ್ರೆ ಒಳ್ಳೇದು, ಯಾಕಂದ್ರೆ ಎಷ್ಟೋ ಯೂನಿವರ್ಸಿಟಿಗಳು ಅದನ್ನ ಅಡ್ಮಿಷನ್ ಟೈಮಲ್ಲೇ ಕೇಳ್ತಾವೆ. ಅದಕ್ಕೂ ಮುಂಚೆ ಪಾಸ್‌ಪೋರ್ಟಲ್ಲಿ ಹೆಸರು ಸರಿ ಇರ್ಬೇಕು. ಹಿಂದಕ್ಕೆ ಎಣಿಸ್ತಾ ಹೋದ್ರೆ ಹಿಂದಿನ ವರ್ಷದ ಅಕ್ಟೋಬರಿಗೆ ಬಂದು ನಿಲ್ಲತ್ತೆ.

ಅನುಕ್ರಮ ಹೀಗೆ: ಪಾಸ್‌ಪೋರ್ಟ್, ಎಪಿಎಸ್, ಭಾಷೆ ಪರೀಕ್ಷೆ, ಅರ್ಜಿ, ಅಡ್ಮಿಷನ್ ಲೆಟರ್, ಬ್ಲಾಕ್ಡ್ ಅಕೌಂಟು, ಇನ್ಶೂರೆನ್ಸು, ವೀಸಾ. ಮೊದಲ ಎರಡನ್ನ ಇವತ್ತೇ ಶುರು ಮಾಡಿ, ಯಾವ ಯೂನಿವರ್ಸಿಟಿ ಅಂತ ಗೊತ್ತಿಲ್ದೆ ಇದ್ರೂ ಪರ್ವಾಗಿಲ್ಲ.

ಎಪಿಎಸ್ ಅಂದ್ರೇನು, ಎಲ್ಲರಿಗೂ ಬೇಕಾ?

ನಿಮ್ಮ ಮಾರ್ಕ್ಸ್ ಕಾರ್ಡು, ಡಿಗ್ರಿ ಅಸಲೀನಾ ಅಂತ ನೋಡಿ ಸರ್ಟಿಫಿಕೇಟ್ ಕೊಡೋ ಆಫೀಸು, ದೆಹಲಿಯಲ್ಲಿದೆ, ಜರ್ಮನ್ ರಾಯಭಾರ ಕಚೇರಿಗೆ ಸೇರಿದ್ದು. 2022ರ ನವೆಂಬರ್ 1ರಿಂದ ಭಾರತದಿಂದ ಸ್ಟೂಡೆಂಟ್ ವೀಸಾಗೆ ಹೋಗೋರಿಗೆ ಇದು ಕಡ್ಡಾಯ. ನಾವು ಬರೋವಾಗ ಇದು ಇರ್ಲಿಲ್ಲ, ಹಾಗಾಗಿ ಹಳೇ ಸೀನಿಯರ್ಸ್ ಯಾರಾದ್ರೂ ಅದೆಲ್ಲ ಬೇಡ ಅಂದ್ರೆ ನಂಬಬೇಡಿ. ಫೀಸು 18,000 ರೂಪಾಯಿ. ಸರ್ಕಾರಿ ಸ್ಕಾಲರ್‌ಶಿಪ್ಪಲ್ಲಿ ಹೋಗೋ ಕೆಲವರಿಗೆ ವಿನಾಯಿತಿ ಇದೆ, ಉಳಿದಂತೆ ಬ್ಯಾಚುಲರ್ಸ್ ಮಾಸ್ಟರ್ಸ್ ಎಲ್ಲರಿಗೂ ಬೇಕು.

ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟ್ ಅಥವಾ ಪ್ರೊವಿಷನಲ್, ಪಾಸ್‌ಪೋರ್ಟು ಇವೆಲ್ಲ ರೆಡಿ ಇರ್ಲಿ. ನಮ್ಮವರು ಎಡವೋದು ಎಲ್ಲಿ ಅಂದ್ರೆ ಫೇಲಾಗಿ ಮತ್ತೆ ಬರೆದ ಸಬ್ಜೆಕ್ಟಿನ ಮಾರ್ಕ್ಸ್ ಕಾರ್ಡು. ಮೊದಲು ಫೇಲಾಗಿದ್ದ ಕಾರ್ಡು ಇಡೋಕೆ ನಾಚಿಕೆ ಪಟ್ಕೊಂಡು ಬರೀ ಪಾಸಾದ ಕಾರ್ಡು ಕೊಡ್ತಾರೆ, ಆಗ ಸೆಮಿಸ್ಟರ್ ಲೆಕ್ಕ ತಾಳೆ ಆಗಲ್ಲ, ವಾಪಸ್ ಕೇಳ್ತಾರೆ, ಮೂರು ವಾರ ಹೋಯ್ತು. ಎಲ್ಲಾ ಇಡಿ. ಬ್ಯಾಕ್‌ಲಾಗ್ ಇರೋದು ಅಪರಾಧ ಅಲ್ಲ, ಮುಚ್ಚಿಟ್ರೆ ಮಾತ್ರ ಕಷ್ಟ. ಟ್ರಾನ್ಸ್‌ಕ್ರಿಪ್ಟು ಬೇಕಾದ್ರೆ ವಿಟಿಯುನವರು ಬೆಳಗಾವಿಯಿಂದ ತರಿಸ್ಬೇಕು, ಅದಕ್ಕೂ ಟೈಮ್ ಇಟ್ಕೊಳ್ಳಿ.

ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರಿದೆ. ತೊಂದ್ರೆ ಆಗತ್ತಾ?

ನಮ್ಮ ರಾಜ್ಯದವರು ಅತಿ ಹೆಚ್ಚು ಕೇಳೋ ಪ್ರಶ್ನೆ ಇದು, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ನಮ್ಮಲ್ಲಿ ಹೆಸರು ಅಂದ್ರೆ ಮಂಜುನಾಥ ಎಚ್ ಎಸ್. ಎಚ್ ಅಂದ್ರೆ ಹೊಸನಗರ, ಎಸ್ ಅಂದ್ರೆ ಅಪ್ಪ ಸಿದ್ದಪ್ಪ. ಸ್ಕೂಲಿಗೆ ಸೇರ್ಸುವಾಗ ಮೇಷ್ಟ್ರು ಬರ್ಕೊಂಡಿದ್ದೇ ಎಸ್ಸೆಸ್ಸೆಲ್ಸಿ ಕಾರ್ಡಿಗೆ ಬಂತು. ಆಮೇಲೆ ಪಾಸ್‌ಪೋರ್ಟ್ ಮಾಡ್ಸುವಾಗ ಸರ್‌ನೇಮ್ ಅಂತ ಒಂದು ಬಾಕ್ಸ್ ಇರತ್ತೆ, ಒಬ್ಬ ಹೊಸನಗರ ಸಿದ್ದಪ್ಪ ಅಂತ ತುಂಬಿಸ್ತಾನೆ, ಇನ್ನೊಬ್ಬ ಖಾಲಿ ಬಿಡ್ತಾನೆ, ಮತ್ತೊಬ್ಬ ಇನಿಷಿಯಲ್ಲನ್ನೇ ಸರ್‌ನೇಮ್ ಮಾಡ್ತಾನೆ. ಜರ್ಮನಿಯಲ್ಲಿ ಎಲ್ಲಾ ಫಾರಮ್ಮಲ್ಲೂ ಎರಡು ಬಾಕ್ಸ್, ಮನೆತನದ ಹೆಸರು, ಸ್ವಂತ ಹೆಸರು, ಎರಡೂ ತುಂಬ್ಲೇಬೇಕು. ಅದು ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಇಲ್ಲಿ ಸಾಯೋವರೆಗೂ ಅಂಟ್ಕೊಳ್ಳತ್ತೆ. ಬ್ಯಾಂಕು, ಇನ್ಶೂರೆನ್ಸು, ಸಂಬಳದ ಚೀಟಿ, ಮನೆ ಬಾಗಿಲಿನ ಬೆಲ್ಲಿನ ಮೇಲೂ ಅದೇ. ನನ್ನನ್ನ ಆಫೀಸಲ್ಲಿ ನಮ್ಮಪ್ಪನ ಹೆಸರಲ್ಲೇ ಕರೀತಾರೆ, ಈಗ ಅದು ಕೇಳೋಕೆ ಖುಷಿನೇ ಆಗತ್ತೆ.

ಮಾಡ್ಬೇಕಾದ್ದು: ಸರ್‌ನೇಮ್ ಖಾಲಿ ಇದ್ರೆ ಎಪಿಎಸ್‌ಗೆ ಅರ್ಜಿ ಹಾಕೋ ಮುಂಚೇನೇ ಪಾಸ್‌ಪೋರ್ಟ್ ರೀಇಶ್ಯೂ ಮಾಡ್ಸಿ. ಆಮೇಲೆ ಮಾಡ್ಸಿದ್ರೆ ಎಪಿಎಸ್ಸಲ್ಲಿ ಒಂದು, ಅಡ್ಮಿಷನ್ನಲ್ಲಿ ಒಂದು, ಪಾಸ್‌ಪೋರ್ಟಲ್ಲಿ ಇನ್ನೊಂದು ಆಗತ್ತೆ. ಇನಿಷಿಯಲ್ ಮಾತ್ರ ವ್ಯತ್ಯಾಸ ಇದ್ರೆ ಗಾಬರಿ ಬೇಡ, ದಕ್ಷಿಣದವರ ಹೆಸರು ಹೀಗೇ ಇರತ್ತೆ ಅಂತ ಅವರಿಗೆ ಗೊತ್ತು, ಆದ್ರೂ ಎರಡೂ ಹೆಸರಿನವನು ನಾನೊಬ್ಬನೇ ಅಂತ ನೋಟರಿ ಮುಂದೆ ಇಂಗ್ಲಿಷಲ್ಲಿ ಒಂದು ಅಫಿಡವಿಟ್ ಮಾಡ್ಸಿಟ್ಕೊಳ್ಳಿ. ಯಾವ ಫಾರಂ ತುಂಬಿದ್ರೂ ಪಾಸ್‌ಪೋರ್ಟ್ ಪಕ್ಕದಲ್ಲಿ ಇಟ್ಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ತುಂಬಿ. ನಾನು ಅರ್ಜಿಯಲ್ಲಿ ಹೆಸರು ಹಿಂದೆ ಮುಂದೆ ಮಾಡಿ ಅಡ್ಮಿಷನ್ ಲೆಟರೇ ತಪ್ಪಾಗಿ ಬಂದಿತ್ತು, ಸರಿ ಮಾಡಿಸ್ಕೊಳ್ಳೋಕೆ ಎರಡು ವಾರ ಹಿಡೀತು, ಆ ಎರಡು ವಾರ ರಾತ್ರಿ ನಿದ್ದೆ ಇರ್ಲಿಲ್ಲ.

ಪಿಯುಸಿ ಮುಗೀತು, ನೇರ ಬ್ಯಾಚುಲರ್ಸ್‌ಗೆ ಹೋಗ್ಬಹುದಾ?

ಬರೀ ಪಿಯುಸಿ ಮೇಲೆ ಸಾಮಾನ್ಯವಾಗಿ ಆಗಲ್ಲ, ಅದನ್ನ ಅವರ ಶಾಲೆ ಓದು ಮುಗಿಸಿದ್ದಕ್ಕೆ ಸಮ ಅಂತ ಒಪ್ಪಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾಗಿದ್ರೆ ಟೆಕ್ನಿಕಲ್ ಸಬ್ಜೆಕ್ಟಿಗೆ ನೇರ ದಾರಿ ಇದೆ. ಇಲ್ಲಿ ಒಂದು ವರ್ಷ ಡಿಗ್ರಿ ಮುಗಿಸಿ ಅದೇ ವಿಷಯಕ್ಕೆ ಹೋಗೋದು ಇನ್ನೊಂದು ದಾರಿ. ಮೂರನೇದು ಸ್ಟೂಡಿಯನ್‌ಕೊಲೆಗ್ ಅಂತ ಒಂದು ವರ್ಷದ ತಯಾರಿ ಕೋರ್ಸು, ಅದು ಬಹುತೇಕ ಜರ್ಮನ್ ಭಾಷೆಯಲ್ಲೇ ಇರತ್ತೆ, ಸೇರೋಕೇ ಪರೀಕ್ಷೆ ಇರತ್ತೆ. ಹದಿನೆಂಟು ವರ್ಷದ ಮಕ್ಕಳ ಅಪ್ಪ ಅಮ್ಮಂದಿರು ಕೇಳಿದ್ರೆ ನನ್ನ ಸಲಹೆ, ಡಿಗ್ರಿ ನಮ್ಮಲ್ಲೇ ಮಾಡ್ಲಿ, ಮಾಸ್ಟರ್ಸ್‌ಗೆ ಬರ್ಲಿ.

ಫೀಸೇ ಇಲ್ಲ ಅಂತಾರಲ್ಲ, ನಿಜಾನಾ?

ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ನಿಜ, ಸೆಮಿಸ್ಟರಿಗೆ ಕೆಲವು ನೂರು ಯೂರೋ ಕಾಂಟ್ರಿಬ್ಯೂಷನ್ ಅಷ್ಟೇ. ಆದ್ರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರುಹೆ, ಹೈಡೆಲ್‌ಬರ್ಗ್, ಫ್ರೈಬುರ್ಗ್ ಎಲ್ಲಾ ಇರೋ ಬಾಡೆನ್ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥೋರಿಗೆ ಸೆಮಿಸ್ಟರಿಗೆ 1,500 ಯೂರೋ. ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿ 2024ರ ವಿಂಟರಿಂದ ಫೀಸ್ ಶುರು ಮಾಡಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ. ಪ್ರೈವೇಟ್ ಕಾಲೇಜುಗಳ ಫೀಸು ಬೇರೇನೇ ಲೆಕ್ಕ, ಅದಕ್ಕೆ ಕೆಳಗೆ ಬರ್ತೀನಿ.

ಬ್ಲಾಕ್ಡ್ ಅಕೌಂಟ್ ಅಂದ್ರೆ ಆ ದುಡ್ಡು ಹೋಗೇ ಹೋಯ್ತಾ?

ಇಲ್ಲ. ದುಡ್ಡು ನಿಮ್ಮದೇ. ಒಂದು ವರ್ಷ ಇಲ್ಲಿ ಬದುಕೋಕೆ ನಿಮ್ಮತ್ರ ದುಡ್ಡಿದೆ ಅಂತ ತೋರ್ಸೋಕೆ ಮುಂಚೇನೇ ಹಾಕಿಡೋದು, ಬಂದ್ಮೇಲೆ ತಿಂಗಳು ತಿಂಗಳು ನಿಮಗೇ ಬರತ್ತೆ. ಈಗ ವರ್ಷಕ್ಕೆ 11,904 ಯೂರೋ, ಅಂದ್ರೆ ತಿಂಗಳಿಗೆ 992. ಇದು 2024ರ ಸೆಪ್ಟೆಂಬರಿಂದ ಇರೋ ಮೊತ್ತ. ನಾನು ಬಂದಾಗ 8,640 ಇತ್ತು. ಆಗಾಗ ಏರಿಸ್ತಾರೆ, ಅದಕ್ಕೆ ದುಡ್ಡು ಕಳಿಸೋ ವಾರದಲ್ಲಿ ಕಾನ್ಸುಲೇಟ್ ಪೇಜಲ್ಲಿ ಇನ್ನೊಂದ್ಸಲ ನೋಡ್ಕೊಳ್ಳಿ.

ಎಕ್ಸ್‌ಪ್ಯಾಟ್ರಿಯೋ, ಫಿಂಟಿಬಾ, ಕೊರಾಕಲ್ ಇವರಲ್ಲಿ ಯಾರ ಹತ್ರ ಬೇಕಾದ್ರೂ ಆನ್‌ಲೈನಲ್ಲೇ ತೆರೀಬಹುದು. ಯಾರು ಬೆಸ್ಟು ಅಂತ ದಿನಕ್ಕೆ ನಾಕು ಜನ ಕೇಳ್ತಾರೆ, ಮೂವರದ್ದೂ ವೀಸಾಗೆ ನಡೆಯತ್ತೆ, ಫೀಸು ನೋಡಿ ಒಂದನ್ನ ಆರಿಸ್ಕೊಂಡು ಮುಂದಕ್ಕೆ ಹೋಗಿ.

ಯೂರೋ ರೇಟು ನೂರರ ಆಸುಪಾಸು ಇದ್ರೆ ಹನ್ನೆರಡು ಲಕ್ಷದ ಹತ್ರ ಆಗತ್ತೆ. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತ ಅಲ್ಲ, ಅಡಿಕೆ ಮಾರಿದ ದುಡ್ಡು, ಸೈಟ್ ಮೇಲೆ ತೆಗೆದ ಸಾಲ, ಅಮ್ಮನ ಬಂಗಾರ ಇದರಲ್ಲಿರತ್ತೆ, ಹಾಗಾಗಿ ಕೆಲವು ವಿಷಯ ಜಾಗ್ರತೆಯಾಗಿ ಓದಿ.

ಅಪ್ಪನ ಅಕೌಂಟಿಂದ ಕಳಿಸ್ಬಹುದು, ಏನೂ ತೊಂದ್ರೆ ಇಲ್ಲ, ಆದ್ರೆ ರೆಫರೆನ್ಸ್ ನಂಬರ್ ಸರಿಯಾಗಿ ಹಾಕ್ಸಿ. ಬ್ಯಾಂಕಿನವರು ಕಳಿಸೋ ಚಾರ್ಜು, ಮಧ್ಯದ ಬ್ಯಾಂಕಿನ ಚಾರ್ಜು ಅಂತ ಅಲ್ಲೇ ಕಟ್ ಮಾಡಿ ಕೊನೆಗೆ 11,880 ಬಂದು ನಿಂತ್ರೆ ಸರ್ಟಿಫಿಕೇಟ್ ಸಿಗಲ್ಲ, ಮತ್ತೆ ಇಪ್ಪತ್ನಾಕು ಯೂರೋ ಕಳಿಸೋಕೆ ಇನ್ನೊಂದು ಸಲ ಬ್ಯಾಂಕ್ ಚಾರ್ಜು ಕಟ್ಬೇಕು. ಅದಕ್ಕೆ ಐವತ್ತರಿಂದ ನೂರು ಯೂರೋ ಹೆಚ್ಚಿಗೇ ಕಳಿಸಿ, ಉಳಿದಿದ್ದು ನಿಮಗೇ ಬರತ್ತೆ.

ಟಿಸಿಎಸ್ (ಹೊರದೇಶಕ್ಕೆ ದುಡ್ಡು ಕಳಿಸೋವಾಗ ಬ್ಯಾಂಕಿನವರು ಹಿಡಿಯೋ ಟ್ಯಾಕ್ಸು) ವಿಷಯ: 2025ರ ಏಪ್ರಿಲಿಂದ ವರ್ಷಕ್ಕೆ 10 ಲಕ್ಷದವರೆಗೆ ಹೊರಗೆ ಕಳಿಸಿದ್ರೆ ಟಿಸಿಎಸ್ ಇಲ್ಲ. ಬ್ಯಾಂಕಿನ ಎಜುಕೇಶನ್ ಲೋನಿಂದ ಕಳಿಸಿದ್ರೆ ಅದರ ಮೇಲೂ ಇಲ್ಲ. ಸ್ವಂತ ದುಡ್ಡಾಗಿದ್ರೆ ಹತ್ತು ಲಕ್ಷ ದಾಟಿದ ಭಾಗಕ್ಕೆ ಮಾತ್ರ ಹಿಡೀತಾರೆ, ಅದನ್ನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿ ವಾಪಸ್ ತಗೋಬಹುದು. ಈ ಮಿತಿ ಒಬ್ಬೊಬ್ಬರ ಪ್ಯಾನ್‌ಗೆ ಬೇರೆ ಬೇರೆ, ಹಾಗಾಗಿ ಅಪ್ಪ ಸ್ವಲ್ಪ, ಅಮ್ಮ ಸ್ವಲ್ಪ ಅಂತ ಇಬ್ಬರೂ ಅವರವರ ಸ್ವಂತ ದುಡ್ಡಿಂದ ಕಳಿಸ್ತಾರೆ.

ವೀಸಾ ರಿಜೆಕ್ಟ್ ಆದ್ರೆ ಆ ಲೆಟರ್ ತೋರ್ಸಿ ಅಕೌಂಟ್ ಮುಚ್ಚಿಸ್ಬಹುದು, ದುಡ್ಡು ವಾಪಸ್ ಬರತ್ತೆ, ಸೆಟಪ್ ಚಾರ್ಜು ಮತ್ತೆ ರೇಟಿನ ವ್ಯತ್ಯಾಸ ಮಾತ್ರ ಕೈಬಿಟ್ಟು ಹೋಗತ್ತೆ.

ಬ್ಲಾಕ್ಡ್ ಅಕೌಂಟ್ ಇಲ್ದೇ ಆಗಲ್ವಾ?

ಆಗತ್ತೆ. ಸ್ಕಾಲರ್‌ಶಿಪ್ ಇದ್ರೆ ಅದರ ಲೆಟರ್ ಸಾಕು, ಮೊತ್ತ ತಿಂಗಳಿಗೆ 992ಕ್ಕಿಂತ ಕಮ್ಮಿ ಇದ್ರೆ ವ್ಯತ್ಯಾಸದ ದುಡ್ಡು ಮಾತ್ರ ತೋರಿಸ್ಬೇಕು. ಎಸ್‌ಸಿ ಎಸ್‌ಟಿ ವಿದ್ಯಾರ್ಥಿಗಳಿಗೆ ನಮ್ಮ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಅದರ ಬಗ್ಗೆ ಗೊತ್ತಿಲ್ದೇನೇ ಸಾಲ ಮಾಡಿ ಬಂದೋರು ಇದಾರೆ, ದಯವಿಟ್ಟು ಮೊದಲು ಅಲ್ಲಿ ವಿಚಾರಿಸಿ. ಜರ್ಮನಿಯಲ್ಲಿ ಇರೋ ನೆಂಟರು ನಿಮ್ಮ ಖರ್ಚಿಗೆ ನಾನು ಹೊಣೆ ಅಂತ ಇಲ್ಲಿನ ಆಫೀಸಲ್ಲಿ ಬರೆದುಕೊಟ್ರೂ ನಡೆಯತ್ತೆ. ಆದ್ರೆ ಆ ಹೊಣೆ ಐದು ವರ್ಷ ಅವರ ತಲೆ ಮೇಲಿರತ್ತೆ. ದೂರದ ಪರಿಚಯದವರ ಹತ್ರ ಇದನ್ನ ಕೇಳಬೇಡಿ, ಅವರು ಇಲ್ಲ ಅಂದ್ರೆ ಬೇಜಾರೂ ಮಾಡ್ಕೋಬೇಡಿ.

ಇನ್ಶೂರೆನ್ಸ್ ಯಾವುದು ತಗೋಬೇಕು?

ಎರಡು ಬೇಕು. ವಿಮಾನ ಇಳಿದ ದಿನದಿಂದ ಯೂನಿವರ್ಸಿಟಿಗೆ ಸೇರೋವರೆಗೆ ಟ್ರಾವೆಲ್ ಇನ್ಶೂರೆನ್ಸು, ಆಮೇಲೆ ಸರ್ಕಾರಿ ಪದ್ಧತಿಯ ಹೆಲ್ತ್ ಇನ್ಶೂರೆನ್ಸು, ಟಿಕೆ, ಎಒಕೆ, ಬಾರ್ಮರ್ ಅಂತ ಹೆಸರು ಕೇಳಿರ್ತೀರ. ಮೂವತ್ತು ವರ್ಷದೊಳಗಿನ ಸ್ಟೂಡೆಂಟ್ಸ್‌ಗೆ ರಿಯಾಯ್ತಿ ದರ, ತಿಂಗಳಿಗೆ 140, 150 ಯೂರೋ ಹತ್ರ. ಕಮ್ಮಿ ಸಿಗತ್ತೆ ಅಂತ ಪ್ರೈವೇಟ್ ಕಂಪನಿಗೆ ಹೋದ್ರೆ ಓದು ಮುಗಿಯೋವರೆಗೂ ಸರ್ಕಾರಿ ಪದ್ಧತಿಗೆ ವಾಪಸ್ ಬರೋಕೆ ಆಗಲ್ಲ, ಇದನ್ನ ಸೈನ್ ಮಾಡೋ ಮುಂಚೆ ಯಾರೂ ಬಾಯಿಬಿಟ್ಟು ಹೇಳಲ್ಲ. ಮೂವತ್ತು ದಾಟಿದೋರಿಗೆ ರಿಯಾಯ್ತಿ ಇಲ್ಲ, ಖರ್ಚು ಜಾಸ್ತಿ ಅಂತ ಮೊದಲೇ ಲೆಕ್ಕಕ್ಕಿಟ್ಕೊಳ್ಳಿ.

ವೀಸಾ ಅರ್ಜಿ ಎಲ್ಲಿ ಹಾಕೋದು? ದೆಹಲಿಗೆ ಹೋಗ್ಬೇಕಾ?

ಬೇಡ. ಕರ್ನಾಟಕ, ಕೇರಳ ಎರಡೂ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಗೆ ಬರತ್ತೆ. 2025ರ ಜನವರಿಯಿಂದ ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಸರ್ವಿಸಸ್ ಪೋರ್ಟಲಲ್ಲೇ ಅರ್ಜಿ ತುಂಬಿ ದಾಖಲೆ ಅಪ್‌ಲೋಡ್ ಮಾಡ್ಬಹುದು. ಅವರು ಮೊದಲು ನೋಡಿ ಏನಾದ್ರೂ ಕಮ್ಮಿ ಇದ್ರೆ ಕೇಳ್ತಾರೆ. ಆಮೇಲೆ ಬೆರಳಚ್ಚು, ಫೋಟೋ, ಒರಿಜಿನಲ್ ದಾಖಲೆ ತೋರ್ಸೋಕೆ ಒಂದು ಸಲ ಖುದ್ದಾಗಿ ಹೋಗ್ಬೇಕು. ವೀಸಾ ಫೀಸು 75 ಯೂರೋ, ರೂಪಾಯಿಯಲ್ಲಿ ಕಟ್ಟೋದು, ಅರ್ಜಿ ತಗೊಳ್ಳೋ ವೀಸಾ ಸೆಂಟರಿನ ಸರ್ವಿಸ್ ಚಾರ್ಜು ಬೇರೆ.

ಅರ್ಜಿ ಹಾಕೋದು ನ್ಯಾಷನಲ್ ವೀಸಾ, ಡಿ ಟೈಪು. ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿ ಸ್ಟೂಡೆಂಟ್ ಮಾಡಿಸ್ಕೋಬಹುದು ಅಂತ ಯಾರಾದ್ರೂ ಹೇಳಿದ್ರೆ ಆ ಮನುಷ್ಯನ ಹತ್ರ ಇನ್ನು ಸಲಹೆ ಕೇಳಬೇಡಿ, ಭಾರತದವರಿಗೆ ಅದು ಆಗಲ್ಲ. ಕೆಲವು ವಾರದಿಂದ ಮೂರು ತಿಂಗಳವರೆಗೆ ಹಿಡಿಯತ್ತೆ, ಜುಲೈ ಆಗಸ್ಟಲ್ಲಿ ರಶ್ಶು. ಪಾಸ್‌ಪೋರ್ಟಲ್ಲಿ ಎರಡು ಖಾಲಿ ಪುಟ ಇರ್ಲಿ, ಹತ್ತು ವರ್ಷದೊಳಗೆ ಇಶ್ಯೂ ಆಗಿರ್ಲಿ.

ಮೋಟಿವೇಶನ್ ಲೆಟರಲ್ಲಿ ಏನು ಬರೀಬೇಕು?

ಮೊನ್ನೆ ಒಬ್ಬಳು ಹುಡುಗಿ ತನ್ನ ಲೆಟರ್ ಕಳಿಸಿದ್ಲು, ಅದೇ ವಾರ ಬೇರೆ ಊರಿನ ಹುಡುಗ ಕಳಿಸಿದ್ದ, ಎರಡರಲ್ಲೂ ಮೊದಲನೇ ಪ್ಯಾರಾ ಒಂದೇ, ಚಿಕ್ಕಂದಿನಿಂದ ಯಂತ್ರಗಳ ಮೇಲೆ ಕುತೂಹಲ ಅಂತ. ಇಬ್ಬರಿಗೂ ಏಜೆಂಟ್ ಬರೆದುಕೊಟ್ಟಿದ್ದು. ಅಧಿಕಾರಿ ದಿನಕ್ಕೆ ಎಷ್ಟು ಓದ್ತಾರೋ, ಅವರಿಗೆ ಗೊತ್ತಾಗಲ್ವಾ?

ಅವರು ತಿಳ್ಕೊಳ್ಳೋಕೆ ನೋಡೋದು ಇಷ್ಟು: ಹಿಂದೆ ಓದಿದ್ದಕ್ಕೂ ಮುಂದೆ ಓದೋದಕ್ಕೂ ಸಂಬಂಧ ಇದೆಯಾ, ಈ ಕೋರ್ಸೇ ಯಾಕೆ, ಮುಗಿದ ಮೇಲೆ ಏನು. ಸಿವಿಲ್ ಓದಿ ನಾಕು ವರ್ಷ ಐಟಿಯಲ್ಲಿ ಕೆಲಸ ಮಾಡಿ ಈಗ ಮ್ಯಾನೇಜ್‌ಮೆಂಟಿಗೆ ಹೋಗ್ತಿದೀರ ಅಂದ್ರೆ ಅದು ತಪ್ಪಲ್ಲ, ಯಾಕೆ ಅಂತ ನೇರವಾಗಿ ಹೇಳಿ. ಕೋರ್ಸಿನ ಸಬ್ಜೆಕ್ಟ್ ಪಟ್ಟಿ ತೆಗೆದು ಓದಿ, ಎರಡು ಮೂರು ಸಬ್ಜೆಕ್ಟ್ ಹೆಸರು ಹಾಕಿ, ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟಿಗೋ ಕೆಲಸಕ್ಕೋ ಅದು ಹೇಗೆ ತಾಗತ್ತೆ ಅಂತ ಬರೀರಿ. ಗ್ಯಾಪ್ ಇದ್ರೆ ಆ ವರ್ಷ ಏನ್ಮಾಡ್ತಿದ್ರಿ ಅಂತ ಹೇಳಿ, ಅಪ್ಪನಿಗೆ ಹುಷಾರಿರ್ಲಿಲ್ಲ ತೋಟ ನೋಡ್ಕೊಂಡೆ ಅನ್ನೋದು ನಿಜ ಆಗಿದ್ರೆ ಅದನ್ನೇ ಬರೀರಿ, ಅದರಲ್ಲಿ ಮುಚ್ಚಿಡೋಂಥದ್ದು ಏನಿದೆ. ಇಂಗ್ಲಿಷ್ ಸರಳ ಇರ್ಲಿ. ಕನ್ನಡದಲ್ಲಿ ಯೋಚನೆ ಮಾಡಿ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆದಿದ್ದು, ಏಜೆಂಟಿನ ಅಲಂಕಾರದ ಇಂಗ್ಲಿಷಿಗಿಂತ ಹತ್ತು ಪಾಲು ಚೆನ್ನಾಗಿರತ್ತೆ.

ಜರ್ಮನ್ ಬರ್ಬೇಕಾ?

ಇಂಗ್ಲಿಷ್ ಕೋರ್ಸಿಗೆ ಐಇಎಲ್‌ಟಿಎಸ್ ಅಥವಾ ಟೋಫೆಲ್ ಸಾಕು. ಆದ್ರೂ ಬರೋ ಮುಂಚೆ ಜರ್ಮನ್‌ನ ಮೊದಲ ಹಂತ ಎ1, ಆಗೋದಾದ್ರೆ ಎರಡನೇ ಹಂತ ಎ2 ಮುಗಿಸಿ. ಬೆಂಗಳೂರಲ್ಲಿ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಗಯಟೆ ಇನ್‌ಸ್ಟಿಟ್ಯೂಟ್ ಇದೆ, ಮ್ಯಾಕ್ಸ್ ಮುಲ್ಲರ್ ಭವನ ಅಂತ ಎಲ್ಲರಿಗೂ ಗೊತ್ತಿರೋದು, ಆನ್‌ಲೈನ್ ಕ್ಲಾಸೂ ಇದೆ. ವೀಸಾಗೆ ಬೇಕಿಲ್ದೆ ಇದ್ರೂ ಇಲ್ಲಿ ಪಾರ್ಟ್‌ಟೈಮ್ ಕೆಲಸ, ಮನೆ, ಡಾಕ್ಟ್ರು ಎಲ್ಲಾದಕ್ಕೂ ಬೇಕು. ಓದು ಮುಗಿದ ಮೇಲೆ ಕೆಲಸ ಸಿಗದೆ ಒದ್ದಾಡೋ ನಮ್ಮ ಹುಡುಗರಲ್ಲಿ ಬಹಳ ಜನರ ಕಷ್ಟ ಭಾಷೆಯದ್ದೇ.

ಪ್ರೈವೇಟ್ ಯೂನಿವರ್ಸಿಟಿ, ಒಂದೇ ವಾರದಲ್ಲಿ ಅಡ್ಮಿಷನ್ ಕೊಟ್ರು. ಸೇರ್ಲಾ?

ನಿಲ್ಲಿ. ಮೊದಲು ಕ್ಲಾಸು ಹೇಗೆ ನಡೆಯತ್ತೆ ಅಂತ ಬರವಣಿಗೆಯಲ್ಲಿ ಕೇಳಿ. ಸ್ಟೂಡೆಂಟ್ ರೆಸಿಡೆನ್ಸ್ ಪರ್ಮಿಟ್ ಕೊಡೋದೇ ನೀವು ಇಲ್ಲಿ ಖುದ್ದಾಗಿ ಕೂತು ಓದ್ಬೇಕು ಅನ್ನೋ ಕಾರಣಕ್ಕೆ. ಕೋರ್ಸು ಪೂರ್ತಿ ಆನ್‌ಲೈನು, ಅಥವಾ ಹೆಸರಿಗೆ ಕ್ಯಾಂಪಸ್ಸು ಇದ್ದು ಹೆಚ್ಚಿನ ಪಾಲು ಆನ್‌ಲೈನು ಅಂತಾದ್ರೆ, ಇದನ್ನ ನಿಮ್ಮ ದೇಶದಿಂದಲೇ ಓದ್ಬಹುದಲ್ಲ ಅಂತ ಪರ್ಮಿಟ್ ಕೊಡದೆ ಇರ್ಬಹುದು. ಲಕ್ಷಗಟ್ಟಲೆ ಫೀಸ್ ಕಟ್ಟಿ ವೀಸಾದಲ್ಲಿ ಬಂದಿಳಿದು, ಇಲ್ಲಿ ಪರ್ಮಿಟ್ ಸಿಗದೆ ದೇಶ ಬಿಡಿ ಅನ್ನೋ ಪತ್ರ ಕೈಗೆ ಬಂದ ಮಕ್ಕಳು ಇದಾರೆ. ಅವರು ಯಾರೂ ಮೋಸ ಮಾಡಿದೋರಲ್ಲ, ಹೇಳಿದ್ದನ್ನ ನಂಬಿದ್ರು ಅಷ್ಟೇ.

ಆ ಸಂಸ್ಥೆಗೆ ಸರ್ಕಾರದ ಮಾನ್ಯತೆ ಇದೆಯಾ ಅಂತ ಹೋಖ್‌ಶೂಲ್‌ಕೊಂಪಾಸ್ (Hochschulkompass) ಡೇಟಾಬೇಸಲ್ಲಿ ನೋಡಿ, ಅಲ್ಲಿ ಅದರ ಹೆಸರಿರ್ಬೇಕು. ಕೋರ್ಸನ್ನ ಡಿಎಎಡಿ (ಜರ್ಮನ್ ಅಕಾಡೆಮಿಕ್ ಎಕ್ಸ್‌ಚೇಂಜ್ ಸಂಸ್ಥೆ) ಪಟ್ಟಿಯಲ್ಲಿ ಹುಡುಕಿ. ಒಳ್ಳೇ ಪ್ರೈವೇಟ್ ಕಾಲೇಜುಗಳೂ ಇವೆ, ಆದ್ರೆ ಸರ್ಕಾರಿ ಯೂನಿವರ್ಸಿಟಿಗೆ ಒಂದು ಸಲವಾದ್ರೂ ಪ್ರಯತ್ನ ಪಡದೆ ಅಲ್ಲಿಗೆ ದುಡ್ಡು ಸುರಿಯೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ.

ಏಜೆಂಟ್ ಬೇಕಾ?

ಬೇಡ. ಯೂನಿವರ್ಸಿಟಿಗಳ ಪರವಾಗಿ ಅರ್ಜಿ ತಗೊಳ್ಳೋ ಯೂನಿ ಅಸಿಸ್ಟ್ ಮೂಲಕ ಅರ್ಜಿ ಹಾಕೋಕೆ ಮೊದಲನೇದಕ್ಕೆ 75 ಯೂರೋ, ಅದೇ ಸೆಮಿಸ್ಟರಿಗೆ ಆಮೇಲಿನ ಒಂದೊಂದಕ್ಕೆ 30, ನಿಮ್ಮ ಕೈಯಾರೆ ಮಾಡ್ಬಹುದು. ಏಜೆಂಟ್ ಇಟ್ಕೊಂಡ್ರೂ ಪೋರ್ಟಲಿನ ಲಾಗಿನ್, ಪಾಸ್‌ವರ್ಡ್, ಈಮೇಲ್ ನಿಮ್ಮದೇ ಇರ್ಲಿ. ನಿಮ್ಮ ಫೈಲಲ್ಲಿ ಏನಿದೆ ಅಂತ ನಿಮಗೇ ಗೊತ್ತಿಲ್ಲ ಅಂದ್ರೆ ಕೌಂಟರಲ್ಲಿ ಒಂದು ಪ್ರಶ್ನೆ ಕೇಳಿದ್ರೂ ತಡವರಿಸ್ತೀರ. ಒಂದು ಸುಳ್ಳು ಎಕ್ಸ್‌ಪೀರಿಯೆನ್ಸ್ ಲೆಟರ್ ಸೇರ್ಸಿದ್ರೂ ಅದರ ಪರಿಣಾಮ ನಿಮ್ಮ ಪಾಸ್‌ಪೋರ್ಟಿಗೆ, ಏಜೆಂಟಿಗಲ್ಲ.

ರಿಜೆಕ್ಟ್ ಆದ್ರೆ ಅಪೀಲ್ ಇದೆಯಾ?

ಮುಂಚೆ ರಿಮಾನ್‌ಸ್ಟ್ರೇಶನ್ ಅಂತ ಪುಕ್ಕಟೆ ಮರುಪರಿಶೀಲನೆ ಇತ್ತು, ಅದನ್ನ 2025ರ ಜುಲೈ 1ರಿಂದ ಎಲ್ಲಾ ದೇಶಗಳಲ್ಲೂ ತೆಗೆದುಹಾಕಿದ್ರು. ಹಳೇ ವಿಡಿಯೋಗಳಲ್ಲಿ ಇನ್ನೂ ಅದನ್ನೇ ಹೇಳ್ತಿರ್ತಾರೆ. ಈಗಿರೋದು ಎರಡೇ, ಹೊಸದಾಗಿ ಅರ್ಜಿ ಹಾಕೋದು, ಇಲ್ಲಾ ಬರ್ಲಿನ್ ಆಡಳಿತ ನ್ಯಾಯಾಲಯಕ್ಕೆ ಹೋಗೋದು. ರಿಜೆಕ್ಟ್ ಲೆಟರಲ್ಲಿ ಕಾರಣ ಬರೆದಿರ್ತಾರೆ, ಆ ಕಾರಣಕ್ಕೆ ಉತ್ತರ ಇರೋ ಹೊಸ ದಾಖಲೆ ಸಿಕ್ಕಿದ ಮೇಲೇ ಮತ್ತೆ ಹಾಕಿ. ಅದೇ ಫೈಲನ್ನ ಅದೇ ವಾರ ಮತ್ತೆ ಕೊಟ್ರೆ ಅದೇ ಉತ್ತರ ಬರತ್ತೆ.

ವೀಸಾ ಬರೋದ್ರೊಳಗೆ ಕ್ಲಾಸ್ ಶುರುವಾದ್ರೆ?

ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ತಕ್ಷಣ ಮೇಲ್ ಹಾಕಿ, ಲೇಟ್ ಎನ್‌ರೋಲ್‌ಮೆಂಟ್ ಯಾವ ದಿನದವರೆಗೆ ಅಂತ ಕೇಳಿ, ಆ ಲೆಟರನ್ನ ಅರ್ಜಿಗೆ ಸೇರ್ಸಿ.

ಏರ್‌ಪೋರ್ಟಲ್ಲಿ ಏನು ಕೇಳ್ತಾರೆ? ಏನು ತರ್ಬಾರ್ದು?

ಫ್ರಾಂಕ್‌ಫರ್ಟಲ್ಲೋ ಮ್ಯೂನಿಕ್‌ನಲ್ಲೋ ಇಳಿದ್ರೆ ಪಾಸ್‌ಪೋರ್ಟ್ ಕೌಂಟರಲ್ಲಿ ಎಲ್ಲಿಗೆ, ಏನು ಓದು, ಎಲ್ಲಿ ಉಳ್ಕೋತೀಯ ಅಂತ ಒಂದೆರಡು ಪ್ರಶ್ನೆ. ಅಡ್ಮಿಷನ್ ಲೆಟರ್, ಬ್ಲಾಕ್ಡ್ ಅಕೌಂಟ್ ಪತ್ರ, ಇನ್ಶೂರೆನ್ಸ್, ಉಳಿಯೋ ಅಡ್ರೆಸ್ಸು, ಒರಿಜಿನಲ್ ಮಾರ್ಕ್ಸ್ ಕಾರ್ಡು ಎಲ್ಲಾ ಕೈ ಬ್ಯಾಗಲ್ಲೇ ಇರ್ಲಿ. ದೊಡ್ಡ ಸೂಟ್‌ಕೇಸಿಗೆ ಹಾಕ್ಬೇಡಿ, ಅದು ಆ ಕೌಂಟರ್ ದಾಟಿದ ಮೇಲೆ ಸಿಗೋದು.

ಹತ್ತು ಸಾವಿರ ಯೂರೋ ಅಥವಾ ಅದಕ್ಕಿಂತ ಹೆಚ್ಚು ನಗದು ಇದ್ರೆ ಡಿಕ್ಲೇರ್ ಮಾಡ್ಬೇಕು, ಅಷ್ಟು ಯಾರೂ ತರಲ್ಲ, ಮೊದಲ ತಿಂಗಳಿಗೆ 800ರಿಂದ 1,000 ಯೂರೋ ಸಾಕು, ಸ್ವಲ್ಪ ನಗದು ಉಳಿದಿದ್ದು ಫಾರೆಕ್ಸ್ ಕಾರ್ಡಲ್ಲಿ.

ಈಗ ಊಟದ ವಿಷಯ. ಹೊರಗಿಂದ ಮಾಂಸ, ಹಾಲಿನ ಪದಾರ್ಥ ಯುರೋಪಿಯನ್ ಯೂನಿಯನ್ ಒಳಗೆ ತರೋ ಹಾಗಿಲ್ಲ, ಅದರಲ್ಲಿ ತುಪ್ಪ, ಧಾರವಾಡ ಪೇಡ, ಖೋವಾ ಎಲ್ಲಾ ಬರತ್ತೆ. ಅಮ್ಮ ಮನೇಲಿ ಕಾಯಿಸಿದ ತುಪ್ಪ ಅಂತ ಹೇಳಿದ್ರೆ ಕಸ್ಟಮ್ಸ್‌ನವರಿಗೆ ಅರ್ಥ ಆಗಲ್ಲ, ಕಣ್ಣೆದುರಿಗೇ ಕಸಕ್ಕೆ ಹಾಕ್ತಾರೆ, ಅದನ್ನ ನೋಡೋದು ಬಹಳ ಸಂಕಟ. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಆರಾಮಾಗಿ ತನ್ನಿ, ಎಣ್ಣೆ ಸೋರದ ಹಾಗೆ ಪ್ಯಾಕ್ ಮಾಡಿ. ಮಾತ್ರೆ ತರೋದಾದ್ರೆ ಸ್ವಂತ ಬಳಕೆಗೆ ಮೂರು ತಿಂಗಳಿಗಾಗೋಷ್ಟು, ಜೊತೆಗೆ ಡಾಕ್ಟರ ಚೀಟಿ ಇಂಗ್ಲಿಷಲ್ಲಿ.

ಬಂದಿಳಿದ ಮೇಲೆ ಮೊದಲು ಏನು?

ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಆಫೀಸಲ್ಲಿ ಅಡ್ರೆಸ್ ರಿಜಿಸ್ಟ್ರೇಷನ್, ಆನ್‌ಮೆಲ್ಡುಂಗ್ ಅಂತಾರೆ. ಮನೆ ಓನರ್ ಸೈನ್ ಮಾಡಿದ ಫಾರಂ ಬೇಕು. ಇದಿಲ್ದೆ ಟ್ಯಾಕ್ಸ್ ನಂಬರ್ ಬರಲ್ಲ, ಪರ್ಮಿಟ್ ಕೆಲಸ ಮುಂದಕ್ಕೆ ಹೋಗಲ್ಲ. ಆಮೇಲೆ ಮಾಮೂಲಿ ಬ್ಯಾಂಕ್ ಅಕೌಂಟು, ಅದಕ್ಕೆ ಬ್ಲಾಕ್ಡ್ ಅಕೌಂಟಿನ ದುಡ್ಡು ತಿಂಗಳು ತಿಂಗಳು ಬರೋ ಹಾಗೆ ಜೋಡ್ಸೋದು.

ಮನೆ ಹುಡುಕೋದೇ ಎಲ್ಲಕ್ಕಿಂತ ಕಷ್ಟ. ಅಡ್ಮಿಷನ್ ಬಂದ ದಿನಾನೇ ಸ್ಟೂಡೆಂಟ್ ಹಾಸ್ಟೆಲಿಗೆ ಅರ್ಜಿ ಹಾಕಿ, ವೀಸಾ ಬರ್ಲಿ ಅಂತ ಕಾಯಬೇಡಿ. ನಾನು ಹೊರ ದೇಶದಲ್ಲಿದೀನಿ, ಅಡ್ವಾನ್ಸ್ ಕಳಿಸಿ, ಕೀ ಪೋಸ್ಟಲ್ಲಿ ಬರತ್ತೆ ಅನ್ನೋರೆಲ್ಲ ಮೋಸಗಾರರು, ಒಬ್ಬರೂ ಬಿಡದೆ. ಫ್ರಾಂಕ್‌ಫರ್ಟ್ ಕಡೆ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇದೆ, ಬರೋ ಮುಂಚೇನೇ ನಮ್ಮ ಜನರನ್ನ ಪರಿಚಯ ಮಾಡ್ಕೊಳ್ಳಿ.

ವೀಸಾ ಬರೀ ಕೆಲವು ತಿಂಗಳಿಗೆ ಕೊಟ್ಟಿದಾರೆ, ಎರಡು ವರ್ಷದ ಕೋರ್ಸಿದೆ?

ಅದು ಹಾಗೇನೇ. ಆ ವೀಸಾ ಒಳಗೆ ಬರೋಕೆ. ಅದು ಮುಗಿಯೋ ಮುಂಚೆ ವಿದೇಶಿಯರ ಆಫೀಸಿಗೆ ರೆಸಿಡೆನ್ಸ್ ಪರ್ಮಿಟ್ ಅರ್ಜಿ ಹಾಕ್ಬೇಕು, ಫೀಸು ನೂರು ಯೂರೋ ಹತ್ರ, ಕಾರ್ಡ್ ಬರತ್ತೆ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ತಿಂಗಳುಗಟ್ಟಲೆ, ಹಾಗಾಗಿ ಬಂದ ತಿಂಗಳೇ ಅರ್ಜಿ ಹಾಕಿ ಅದರ ರಸೀದಿ ಇಟ್ಕೊಳ್ಳಿ. ಟೈಮಿಗೆ ಸರಿಯಾಗಿ ಹಾಕಿದ್ರೆ ಉತ್ತರ ಬರೋವರೆಗೆ ಇರೋಕೆ ಹಕ್ಕಿದೆ, ಫಿಕ್ಷನ್ಸ್‌ಬೆಶೈನಿಗುಂಗ್ ಅಂತ ಒಂದು ಕಾಗದ ಕೊಡ್ತಾರೆ. ಅದನ್ನ ಇಟ್ಕೊಂಡು ಊರಿಗೆ ಹೋಗೋದಾದ್ರೆ ಅದರಲ್ಲಿ ಯಾವ ಕಲಂ ಟಿಕ್ ಆಗಿದೆ ನೋಡಿ, 81ನೇ ಕಲಮಿನ 4ನೇ ಉಪಕಲಂ ಇದ್ರೆ ವಾಪಸ್ ಬರ್ಬಹುದು, 3ನೇದು ಇದ್ರೆ ಬರೋಕಾಗಲ್ಲ. ಅಜ್ಜಿ ತೀರ್ಕೊಂಡ್ರು ಅಂತ ಅವಸರದಲ್ಲಿ ಹೊರಡೋವಾಗ್ಲೂ ಇದೊಂದು ನೋಡೋದು ಮರೀಬೇಡಿ.

ಪಾರ್ಟ್‌ಟೈಮ್ ಎಷ್ಟು ಮಾಡ್ಬಹುದು?

2024ರ ಮಾರ್ಚಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಯೂನಿವರ್ಸಿಟಿ ಒಳಗೇ ಪ್ರೊಫೆಸರ್ ಹತ್ರ ಮಾಡೋ ಹಿವಿ ಕೆಲಸ ಈ ಲೆಕ್ಕಕ್ಕೆ ಬರಲ್ಲ. ಕನಿಷ್ಠ ಕೂಲಿ 2026ರಿಂದ ಗಂಟೆಗೆ 13.90 ಯೂರೋ, ಅದಕ್ಕಿಂತ ಕಮ್ಮಿಗೆ ಕೈಗೆ ದುಡ್ಡು ಕೊಡ್ತೀವಿ ಅನ್ನೋ ಕಡೆ ಹೋಗ್ಬೇಡಿ, ಸಿಕ್ಕಿಬಿದ್ರೆ ಪರ್ಮಿಟ್ಟಿಗೇ ಕುತ್ತು. ರೂಮಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಫ್ರೀಲ್ಯಾನ್ಸ್ ಮಾಡೋದಕ್ಕೂ ಇಲ್ಲಿ ಪರ್ಮಿಷನ್ ಬೇಕು. ಓದಿನ ಖರ್ಚೆಲ್ಲ ಪಾರ್ಟ್‌ಟೈಮಲ್ಲೇ ತೂಗಿಸ್ತೀನಿ ಅಂತ ಲೆಕ್ಕ ಹಾಕಿ ಬರಬೇಡಿ, ಮೊದಲ ಸೆಮಿಸ್ಟರಲ್ಲಿ ಕೆಲಸ ಸಿಗದೇ ಇರೋರೇ ಹೆಚ್ಚು.

ಈ ವೀಸಾದಲ್ಲಿ ಪ್ಯಾರಿಸ್ ನೋಡ್ಬಹುದಾ?

ನೋಡ್ಬಹುದು, ಬೇರೆ ಶೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡೋಕೆ ಬಿಡೋ ಯುರೋಪಿನ ದೇಶಗಳು) 180 ದಿನದಲ್ಲಿ 90 ದಿನ. ಲಂಡನ್ನಿಗೆ ಬೇರೆ ವೀಸಾ.

ಓದು ಮುಗಿದ ಮೇಲೆ?

ಕೆಲಸ ಹುಡುಕೋಕೆ 18 ತಿಂಗಳ ಪರ್ಮಿಟ್ ಸಿಗತ್ತೆ, ಆ ಟೈಮಲ್ಲಿ ಯಾವ ಕೆಲಸ ಬೇಕಾದ್ರೂ ಮಾಡ್ಬಹುದು.

ಅಪ್ಪ ಅಮ್ಮನ್ನ ಕರೆಸ್ಕೋಬಹುದಾ?

ಖಂಡಿತ. ಅವರಿಗೆ ಶೆಂಗೆನ್ ವೀಸಾ, ಫೀಸು 90 ಯೂರೋ, 90 ದಿನದವರೆಗೆ, ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕು. ನಿಮಗೆ ಸಂಬಳ ಶುರುವಾಗಿದ್ರೆ ಇಲ್ಲಿನ ಆಫೀಸಲ್ಲಿ 29 ಯೂರೋ ಕಟ್ಟಿ ಖರ್ಚಿನ ಹೊಣೆ ಪತ್ರ ಮಾಡ್ಸಿ ಕಳಿಸಿ, ಓದ್ತಾ ಇರೋರಾದ್ರೆ ಅಪ್ಪ ಅಮ್ಮ ತಮ್ಮದೇ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸ್ಬೇಕು. ನಮ್ಮಪ್ಪ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಅವರು ಬರೋವಾಗ ಒಂದು ಹಾಳೆಯಲ್ಲಿ ಜರ್ಮನ್‌ನಲ್ಲಿ ಬರೆದು ಕೊಟ್ಟಿದ್ದೆ, ಇವರು ನನ್ನ ತಂದೆ ತಾಯಿ, ಇಷ್ಟು ದಿನ ನನ್ನ ಮನೇಲಿರ್ತಾರೆ, ವಾಪಸ್ ಟಿಕೆಟ್ ಇದೆ, ನಾನು ಹೊರಗೆ ಕಾಯ್ತಿದೀನಿ, ಫೋನ್ ನಂಬರ್ ಇದು ಅಂತ. ಕೌಂಟರಲ್ಲಿ ಅಪ್ಪ ಪಾಸ್‌ಪೋರ್ಟ್ ಜೊತೆ ಆ ಹಾಳೆ ಕೊಟ್ರಂತೆ, ಆಫೀಸರ್ ಓದಿ ಸೀಲ್ ಹಾಕಿ ಕಳಿಸಿದ್ರು. ನೀವೂ ಹಾಗೆ ಬರೆದು ಕೊಡಿ, ಎರಡು ಕಾಪಿ, ಒಂದು ಅಪ್ಪನ ಜೇಬಲ್ಲಿ, ಒಂದು ಅಮ್ಮನ ಪರ್ಸಲ್ಲಿ.